ಗುಡ್ಡೆಯ ಬಲ್ಲೆ ತೆಗೆಯಲು ಮಿನಿ ಟ್ರ್ಯಾಕ್ಟರ್ ಸಾಕೇ?

ಪ್ರಶ್ನೆ: ಕಾಸರಗೋಡಿನ ಪೆರ್ಲದ ಹತ್ತಿರ ನಮ್ಮದು ಎರಡು ಎಕರೆ ಗುಡ್ಡೆ ಜಾಗ. ಮೊದಲು ಗೇರು ಇತ್ತು. 12 ವರ್ಷದಿಂದ ಯಾರೂ ಕಾಲಿಟ್ಟಿಲ್ಲ. ಈಗ ಕಮ್ಯುನಿಸ್ಟ್ ಗಿಡ, ಲಂಟಾನ, ನಡುನಡುವೆ ಅಕೇಶಿಯಾ ತುಂಬಿ ಬಲ್ಲೆಯಾಗಿದೆ. ನನ್ನಲ್ಲಿ 24 ಎಚ್‌ಪಿಯ ಫೋರ್ ವೀಲ್ ಮಿನಿ ಟ್ರ್ಯಾಕ್ಟರ್ ಮತ್ತು ರೋಟವೇಟರ್ ಇದೆ. ಪತ್ತನಾಜೆಯ (ಮೇ ಕೊನೆಯ ವಾರ) ಒಳಗೆ ಎಲ್ಲ ನುಣ್ಣಗೆ ತೆಗೆದು, ಮಳೆ ಶುರುವಾದ ಮೇಲೆ ಗೇರಿನ ಕಸಿ ಗಿಡ ನೆಡುವ ಆಸೆ. ರೋಟವೇಟರ್ ಓಡಿಸಿದರೆ ಬಲ್ಲೆ ಪುಡಿಯಾಗುತ್ತದೆ ಎಂದು ಒಬ್ಬರು ಹೇಳುತ್ತಾರೆ. ಚೈನ್ ಕಟ್ಟಿ ಬುಡ ಸಮೇತ ಎಳೆದು ಹಾಕು ಎಂದು ಇನ್ನೊಬ್ಬರು. ಯಾವುದು ಸರಿ?
– ಓದುಗರೊಬ್ಬರು, ಎಣ್ಮಕಜೆ

ಉತ್ತರ: ಮೊದಲು ರೋಟವೇಟರ್ ಬದಿಗಿಡಿ. ಅದು ಮಣ್ಣು ಪುಡಿ ಮಾಡಲು ಮಾಡಿದ್ದು. ಲಂಟಾನದ ಕೊಂಬೆಗಳು ಅದರ ದಂಡಕ್ಕೆ ಹಗ್ಗದ ಹಾಗೆ ಸುತ್ತಿಕೊಳ್ಳುತ್ತವೆ. ಮತ್ತೆ ಕತ್ತಿ ಹಿಡಿದು ಕೂತು ಬಿಡಿಸಬೇಕು. ನಮ್ಮ ಗುಡ್ಡೆಗಳಲ್ಲಿ ಮೇಲೆ ತೆಳ್ಳಗೆ ಮಣ್ಣು, ಕೆಳಗೆ ಮುರಕಲ್ಲು. ಬ್ಲೇಡ್ ಕಲ್ಲಿಗೆ ತಾಗಿದರೆ ಮುರಿಯುತ್ತದೆ. ಬ್ಲೇಡ್ ಬೇರೆ ಹಾಕಬಹುದು ಬಿಡಿ. ಆ ಮಣ್ಣು ಹೋದರೆ ಎಲ್ಲಿಂದ ತರುತ್ತೀರಿ? ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ. ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬೀಳುತ್ತದೆ. ಮೇ ತಿಂಗಳಲ್ಲಿ ಸಡಿಲ ಮಾಡಿಟ್ಟ ಗುಡ್ಡೆ ಮೊದಲ ಎರಡು ವಾರದಲ್ಲೇ ಕೆಳಗಿನ ತೋಟಕ್ಕೆ, ತೋಡಿಗೆ ಇಳಿದುಬಿಡುತ್ತದೆ.

ಈಗ ಒಂದು ಲೆಕ್ಕ ನೋಡಿ. ಗೇರಿನ ಕಸಿ ಗಿಡಕ್ಕೆ ಏಳೂವರೆ ಮೀಟರ್ ಅಂತರ ಇಟ್ಟರೆ ಎಕರೆಗೆ 70 ಗಿಡ. ಎರಡು ಎಕರೆಗೆ 140. ನಿಮಗೆ ಬೇಕಾದ್ದು 140 ಹೊಂಡ, ಅವುಗಳ ಸುತ್ತ ಸ್ವಲ್ಪ ತೆರೆದ ಜಾಗ, ನಡೆದಾಡಲು ದಾರಿ. ಅಷ್ಟೇ ಅಲ್ವಾ? ಎರಡು ಎಕರೆಯನ್ನೂ ಅಂಗಳದ ಹಾಗೆ ಬೋಳು ಮಾಡುವ ಅಗತ್ಯ ಎಲ್ಲಿದೆ? ಬುಡಗಳು ಮಣ್ಣಿನಲ್ಲೇ ಇರಲಿ. ಮಣ್ಣು ಹಿಡಿದುಕೊಂಡಿರುವುದೇ ಆ ಬೇರುಗಳು. ಟ್ರ್ಯಾಕ್ಟರಿಗೆ ಎರಡೇ ಕೆಲಸ ಕೊಡಿ. ಬಲ್ಲೆ ಕೊಚ್ಚುವುದು, ಕಡಿದದ್ದನ್ನು ಎಳೆದು ತರುವುದು. ಅಗೆಯಲು, ಮಣ್ಣು ದೂಡಲು ಅದನ್ನು ಬಳಸಬೇಡಿ.

ಸಮಯವನ್ನೂ ಬದಲಿಸಿ. ಮಳೆ ಬಿಟ್ಟು ಅಕ್ಟೋಬರ್, ನವೆಂಬರ್ ಹೊತ್ತಿಗೆ ಕೈ ಹಾಕಿ. ಆಗ ಮಣ್ಣಿನಲ್ಲಿ ಪಸೆ ಇರುತ್ತದೆ. ಕಮ್ಯುನಿಸ್ಟ್ ಗಿಡ ಇನ್ನೂ ಹೂ ಬಿಟ್ಟಿರುವುದಿಲ್ಲ. ಅದು ಹೂ ಬಿಟ್ಟು ಬೀಜ ಹಾರಿದ ಮೇಲೆ ಕಡಿದರೆ ಮುಂದಿನ ವರ್ಷದ ಬಲ್ಲೆಯನ್ನು ನೀವೇ ಬಿತ್ತಿದ ಹಾಗೆ. ಹೂವಿಗೆ ಮೊದಲು ಕಡಿದರೆ ಅದು ಒಳ್ಳೆಯ ಸೊಪ್ಪು. ತೋಟಕ್ಕೆ ಹಾಕಿ, ಇಲ್ಲವೇ ಅಲ್ಲೇ ಹೊದಿಕೆಯಾಗಿ ಬಿಡಿ. ಸುಮ್ನೆ ಬೆಂಕಿ ಕೊಡಬೇಡಿ. ಹೊಂಡ ಬೇಸಗೆಯಲ್ಲಿ ತೆಗೆದಿಟ್ಟುಕೊಂಡು ಜೂನ್‌ನಲ್ಲಿ ನೆಡಿ. ಕಸಿ ಗಿಡ, ತಳಿಯ ವಿಚಾರಕ್ಕೆ ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯ ನಿಮಗೆ ಹತ್ತಿರವೇ ಇದೆ.

ಯಂತ್ರ ಇಳಿಸುವ ಮೊದಲು ಒಂದು ದಿನ ನಡೆಯಿರಿ. ಕತ್ತಿ, ಉದ್ದದ ಕೋಲು, ಗಂಬೂಟು, ಜೊತೆಗೆ ಆ ಗುಡ್ಡೆಯನ್ನು ಮೊದಲು ಕಂಡ ಹಿರಿಯರು ಒಬ್ಬರು. ಈ ಒಂದು ದಿನವನ್ನು ದಯವಿಟ್ಟು ಉಳಿಸಬೇಡಿ. 12 ವರ್ಷದ ಬಲ್ಲೆಯ ಕೆಳಗೆ ಹಳೆಯ ಕಲ್ಲಿನ ಕೋರೆ ಇರಬಹುದು. ಕಟ್ಟೆಯಿಲ್ಲದ ಬಾವಿ ಇರಬಹುದು. ಕನ್ನಡಿ ಹಾವಿಗೂ ಇಂಥ ಜಾಗ ಇಷ್ಟ. ಕಣಜದ ಗೂಡು ಕಂಡರೆ ಆ ಮೂಲೆ ಬಿಟ್ಟುಬಿಡಿ. ನಾಗಬನ, ದೈವದ ಬನ ಇದ್ದರೆ ಅದರ ಗಡಿಯನ್ನು ಮನೆಯವರೆಲ್ಲ ಸೇರಿ ಮೊದಲೇ ಗುರುತು ಮಾಡಿ. ಹೊಳೆಗೇರು ಮರ ಗೊತ್ತಲ್ಲ, ಮಲಯಾಳದಲ್ಲಿ ಚೇರು ಎನ್ನುತ್ತಾರೆ. ಅದರ ಸೊನೆ ತಾಗಿದರೆ ಕೆಲವರಿಗೆ ಮೈಯೆಲ್ಲ ಬಾತು ಗುಳ್ಳೆ ಏಳುತ್ತದೆ. ಯಂತ್ರ ಕೊಚ್ಚಿದರೆ ಆ ಸೊನೆ ಎಲ್ಲ ಕಡೆ ಸಿಡಿಯುತ್ತದೆ. ಅದಕ್ಕೂ ಕೆಂಪು ಬಟ್ಟೆ ಕಟ್ಟಿ.

ಎಲ್ಲಕ್ಕಿಂತ ಮುಖ್ಯ, ಸುರಂಗ. ನಿಮ್ಮ ಕಡೆ ಮುರಕಲ್ಲಿನ ಗುಡ್ಡೆಗೆ ಅಡ್ಡಲಾಗಿ ಕೊರೆದ ನೀರಿನ ಸುರಂಗಗಳು ಜಾಸ್ತಿ. ಒಬ್ಬ ಮನುಷ್ಯ ಹೋಗುವಷ್ಟೇ ಅಗಲ. ಒಳಗೆ ದೂರ ಹೋದಂತೆ ಮೇಲಿನ ಗುಡ್ಡೆಯ ದಪ್ಪ ಹೆಚ್ಚುತ್ತದೆ. ಬಾಯಿಯ ಹತ್ತಿರ ಮಾತ್ರ ತೆಳ್ಳಗಿರುತ್ತದೆ. ಮಿನಿ ಟ್ರ್ಯಾಕ್ಟರ್ ಆದರೂ ಅದರ ಭಾರಕ್ಕೆ ಅಲ್ಲಿ ಕುಸಿಯಬಹುದು. ಗಾಳಿಗಾಗಿ ಮೇಲಿಂದ ತೆಗೆದ ಗುಂಡಿಗಳೂ ಇರುತ್ತವೆ. ಅವು ಬಲ್ಲೆಯಲ್ಲಿ ಕಾಣುವುದೇ ಇಲ್ಲ. ಸುರಂಗ ಹೋಗುವ ದಿಕ್ಕನ್ನು ಮೇಲೆ ಗೂಟ ಹೊಡೆದು ಗುರುತು ಮಾಡಿ. ಆ ಪಟ್ಟಿಯಲ್ಲಿ ಕತ್ತಿಯ ಕೆಲಸ ಮಾತ್ರ. ಮೇಲಿನ ಇಳಿಜಾರಿನಲ್ಲಿ ಗಿಡ, ಹುಲ್ಲು ಇದ್ದರೇ ಮಳೆನೀರು ಇಂಗಿ ಸುರಂಗಕ್ಕೆ ಬರುವುದು. ಬೋಳು ಗುಡ್ಡೆಯಲ್ಲಿ ನೀರು ನಿಲ್ಲುವುದಿಲ್ಲ.

ಇನ್ನು ಇಳಿಜಾರು. ಹತ್ತು ಅಡಿಯ ನೇರ ಕೋಲು ತಗೊಳ್ಳಿ. ಒಂದು ತುದಿ ಮೇಲೆ ನೆಲಕ್ಕೆ ತಾಗಿಸಿ, ಕೋಲನ್ನು ಮಟ್ಟವಾಗಿ ಹಿಡಿಯಿರಿ. ಕೆಳಗಿನ ತುದಿ ನೆಲದಿಂದ ಎರಡೂವರೆ ಅಡಿಗಿಂತ ಮೇಲಿದ್ದರೆ ಅಲ್ಲಿಗೆ ಟ್ರ್ಯಾಕ್ಟರ್ ಬೇಡ. ಆಳು ಅಥವಾ ಹೆಗಲಿಗೆ ಹಾಕುವ ಬ್ರಷ್ ಕಟರ್ ಸಾಕು. ಅದಕ್ಕಿಂತ ಕಡಿಮೆ ಇಳಿಜಾರಿನಲ್ಲೂ ಮೇಲೆ ಕೆಳಗೆ ಓಡಿಸಿ, ಅಡ್ಡ ಓಡಿಸಬೇಡಿ. ಅಡ್ಡ ಹೋಗುವಾಗ ಕೆಳಗಿನ ಚಕ್ರ ಒಂದು ಗುಂಡಿಗೆ ಇಳಿದು, ಮೇಲಿನದು ಒಂದು ಕಲ್ಲು ಹತ್ತಿದರೆ ಸಾಕು, ಮಗುಚುತ್ತದೆ. ಉರುಳಿದಾಗ ಕಾಯುವ ಕಂಬ ಇರುವ ಟ್ರ್ಯಾಕ್ಟರ್ ಆದರೆ ಬೆಲ್ಟ್ ಹಾಕಲೇಬೇಕು. ಬೆಲ್ಟ್ ಇಲ್ಲದಿದ್ದರೆ ಕಂಬ ಇದ್ದೂ ಉಪಯೋಗವಿಲ್ಲ.

ಕೊಚ್ಚಲು ಪಿಟಿಒಗೆ (ಎಂಜಿನ್ನಿನ ಶಕ್ತಿಯನ್ನು ಹಿಂದಿನ ಉಪಕರಣಕ್ಕೆ ಕೊಡುವ ತಿರುಗುವ ದಂಡ) ಜೋಡಿಸುವ ಸ್ಲ್ಯಾಶರ್, ಅಂದರೆ ಬಲ್ಲೆ ಕೊಚ್ಚುವ ಉಪಕರಣ, ಬಾಡಿಗೆಗೆ ತನ್ನಿ. ನಾಲ್ಕು ಅಡಿ ಅಗಲದ್ದು ನಿಮ್ಮ ಎಂಜಿನ್ನಿಗೆ ಸಾಕು. ಪಿಟಿಒ ನಿಮಿಷಕ್ಕೆ 540 ಸುತ್ತಿನಲ್ಲಿ ತಿರುಗಲಿ, ಗೇರ್ ಎಲ್ಲಕ್ಕಿಂತ ಕೆಳಗಿನದು. ಹೆಬ್ಬೆರಳಿನ ದಪ್ಪದವರೆಗೆ ಸಲೀಸು. ಅದಕ್ಕಿಂತ ದಪ್ಪದ್ದಕ್ಕೆ ಚೈನ್ ಸಾ. ಮೊದಲ ಸುತ್ತಿನಲ್ಲಿ ನೆಲದಿಂದ ಅರ್ಧ ಅಡಿ ಮೇಲೆ ಕೊಚ್ಚಿ. ಕಲ್ಲು ಕಣ್ಣಿಗೆ ಬಿದ್ದ ಮೇಲೆ ಎರಡನೇ ಸುತ್ತು ತಗ್ಗಿಸಿ. ಆಳೆತ್ತರದ ಬಲ್ಲೆಗೆ ಮುಂದಿನಿಂದ ನುಗ್ಗಬೇಡಿ. ಕೋಲುಗಳು ಕೆಳಗಿನಿಂದ ಎದ್ದು ವೈರು, ಪೈಪು ಕಿತ್ತುಹಾಕುತ್ತವೆ. ನೀವು ನಡೆದು ನೋಡಿದ ಜಾಗದಲ್ಲಿ ಮಾತ್ರ, ನಿಧಾನವಾಗಿ, ತಿರುಗಿ ನೋಡುತ್ತಾ, ಹಿಂದಕ್ಕೆ ಹೋಗಿ. ಆಗ ಬಲ್ಲೆ ಮೊದಲು ಸಿಗುವುದು ಬ್ಲೇಡಿಗೆ. ಸ್ಲ್ಯಾಶರ್‌ನಲ್ಲಿ ಶಿಯರ್ ಬೋಲ್ಟ್ ಇರುತ್ತದೆ, ಕಲ್ಲಿಗೆ ಬಡಿದರೆ ತುಂಡಾಗಲಿ ಎಂದೇ. ಅದು ಪದೇ ಪದೇ ಹೋಗುತ್ತದೆ ಎಂದು ಗಟ್ಟಿ ಬೋಲ್ಟ್ ಹಾಕಿದರೆ ಮುಂದಿನ ಸಲ ಹೋಗುವುದು ಗೇರ್ ಬಾಕ್ಸ್. ಅರ್ಧ ಗಂಟೆಗೊಮ್ಮೆ ನಿಲ್ಲಿಸಿ ರೇಡಿಯೇಟರ್ ಜಾಲಿ ಒರೆಸಿ. ಕಲ್ಲು ಬಹಳ ದೂರ ಸಿಡಿಯುತ್ತದೆ. ಮಕ್ಕಳು, ನಾಯಿ, ಸೊಪ್ಪು ಹೆಕ್ಕುವವರು ಯಾರೂ ಹತ್ತಿರ ಬರಬಾರದು. ಇನ್ನೊಂದು ಮಾತು. ಕತ್ತಿಯಿಂದ ಓರೆಯಾಗಿ ಕಡಿದ ಬುಡ ಸೂಜಿಯಂತೆ ನಿಂತು ಟಯರಿಗೆ ಚುಚ್ಚುತ್ತದೆ. ಮಟ್ಟವಾಗಿ ಕಡಿಯಲು ಆಳುಗಳಿಗೆ ಹೇಳಿ.

ಲಂಟಾನ ಕೊಚ್ಚಿದರೆ ಮತ್ತೆ ಚಿಗುರುತ್ತದೆ. ಹೊಂಡ ಬರುವ ಜಾಗದಲ್ಲಿ ಮಾತ್ರ ಅದರ ಮುಖ್ಯ ಬೇರನ್ನು ಮಣ್ಣಿನಿಂದ 3–5 ಸೆಂ.ಮೀ. ಕೆಳಗೆ ಪಿಕ್ಕಾಸಿನಿಂದ ಕಡಿಯಿರಿ. ಗಿಡವನ್ನು ಬೇರು ಮೇಲಾಗಿ ಕವುಚಿ ಹಾಕಿ. ಚಿಗುರುವ ಭಾಗ ಬೇರು ಕಾಂಡ ಸೇರುವಲ್ಲಿದೆ, ಹಾಗಾಗಿ ಉಳಿದ ಬೇರಿನಿಂದ ಅದು ಏಳುವುದಿಲ್ಲ.

ಚೈನ್ ಎಳೆಯುವ ವಿಚಾರ ಕೊನೆಗಿಟ್ಟೆ, ಹೇಳಲು ನನಗೆ ಕಷ್ಟ. ಇಪ್ಪತ್ತು ವರ್ಷದ ಹಿಂದೆ ನಾನೇ ಗೇರಿನ ಬುಡಕ್ಕೆ ಚೈನ್ ಸುತ್ತಿ, ಇನ್ನೊಂದು ತುದಿಯನ್ನು ಹಿಂದಿನ ಅಚ್ಚಿಗಿಂತ ಮೇಲೆ, ಟಾಪ್ ಲಿಂಕ್ (ಉಪಕರಣವನ್ನು ಮೇಲಿನಿಂದ ಹಿಡಿಯುವ ಕೊಂಡಿ) ಇರುವ ಜಾಗಕ್ಕೆ ಸಿಕ್ಕಿಸಿದ್ದೆ. ಕ್ಲಚ್ ಬಿಟ್ಟ ಕೂಡಲೇ ಮುಂದಿನ ಎರಡೂ ಚಕ್ರ ಎದ್ದು ನಿಂತವು. ಚೈನ್ ತುಂಡಾಯಿತು, ಹಾಗಾಗಿ ಬದುಕಿದೆ. ಬುಡ ಅಲುಗದಿದ್ದಾಗ ಹಿಂದಿನ ಚಕ್ರ ತಿರುಗಲಾಗದೆ ಇಡೀ ಟ್ರ್ಯಾಕ್ಟರ್ ಆ ಅಚ್ಚಿನ ಸುತ್ತ ಹಿಂದಕ್ಕೆ ಮಗುಚುತ್ತದೆ. ಒಂದು ಸೆಕೆಂಡಿನೊಳಗೆ ಕೈ ಮೀರುತ್ತದೆ. ಕ್ಲಚ್ ಒತ್ತಲೂ ಸಮಯ ಸಿಗುವುದಿಲ್ಲ. ಕಡಿದ ಮರದ ತುಂಡು ಎಳೆಯುವಾಗಲೂ ಅಚ್ಚಿಗಿಂತ ಕೆಳಗಿರುವ, ಎಳೆಯಲೆಂದೇ ಇರುವ ಡ್ರಾಬಾರಿಗೇ ಕಟ್ಟಿ, ಬೇರೆಲ್ಲಿಗೂ ಬೇಡ. ಚೈನನ್ನು ಮೊದಲು ನಿಧಾನಕ್ಕೆ ಬಿಗಿ ಮಾಡಿ, ಆಮೇಲೆ ಎಳೆಯಿರಿ. ಜಗ್ಗಬೇಡಿ. ನೈಲಾನ್ ಹಗ್ಗ ಬೇಡವೇ ಬೇಡ. ಅದು ಹಿಗ್ಗಿ ತುಂಡಾದರೆ ಚಾವಟಿಯಂತೆ ಬಡಿಯುತ್ತದೆ. ನಿಜವಾಗಿ ತೆಗೆಯಲೇಬೇಕಾದ ನಾಲ್ಕೈದು ಬುಡ ಇದ್ದರೆ ಸಣ್ಣ ಹಿಟಾಚಿಯನ್ನು ಅರ್ಧ ದಿನಕ್ಕೆ ಕರೆಸಿ.

ಪ್ರಶ್ನೆ: ಗುಡ್ಡೆಯ ಮರ ಕಡಿಯಲು ಅನುಮತಿ ಬೇಕೇ?
– ಓದುಗರೊಬ್ಬರು, ಬಾಯಾರು

ಉತ್ತರ: ಅರಣ್ಯವಲ್ಲದ ಜಾಗದ ಮರಗಳ ಬಗ್ಗೆ ಕೇರಳದಲ್ಲಿ 2005ರ ಕಾಯ್ದೆ ಇದೆ. ಸ್ವಂತ ಜಾಗದ ಅಕೇಶಿಯಾ, ಗೇರು ಕಡಿಯಲು ತೊಂದರೆ ಇಲ್ಲ. ಶ್ರೀಗಂಧದ ಗಿಡವನ್ನು ಅರಣ್ಯ ಇಲಾಖೆಗೆ ತಿಳಿಸದೆ ಮುಟ್ಟಬೇಡಿ, ಬಲ್ಲೆಯೊಳಗೆ ಸಣ್ಣದು ಕಂಡರೂ. ಸರಕಾರ ಪಟ್ಟೆ ಕೊಟ್ಟ ಜಾಗವಾದರೆ ತೇಗ, ಬೀಟೆಯ ಲೆಕ್ಕವೇ ಬೇರೆ. 2021ರಲ್ಲಿ ವಯನಾಡಿನ ಮುಟ್ಟಿಲ್‌ನಲ್ಲಿ ಇಂಥ ಜಾಗದ ಬೀಟೆ ಕಡಿದದ್ದು ದೊಡ್ಡ ಕೇಸಾಯಿತು. ಜಾಗದ ಆಧಾರ ಪತ್ರ, ಪಟ್ಟೆ ಹಿಡಿದು ಮೊದಲು ವಿಲ್ಲೇಜ್ ಆಫೀಸಿಗೆ ಹೋಗಿ ಕೇಳಿ.

ಪ್ರಶ್ನೆ: ಯಂತ್ರದ ಬದಲು ಗ್ಲೈಫೋಸೇಟ್ ಕಳೆನಾಶಕ ಹೊಡೆದರೆ? ಗಡಿಯಾಚೆಯಿಂದ ತಂದುಕೊಡುತ್ತೇನೆ ಎನ್ನುತ್ತಾರೆ.
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಬೇಡ. ಕೇರಳದಲ್ಲಿ 2019ರಲ್ಲೇ ಅದರ ಮಾರಾಟ ನಿಲ್ಲಿಸಿದ್ದಾರೆ. ನಮ್ಮೂರಿನ ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಅದು ಕೀಟನಾಶಕ, ಇದು ಕಳೆನಾಶಕ. ಎರಡೂ ಒಂದೇ ಎಂದು ನಾನು ಹೇಳುವುದಿಲ್ಲ. ಆದರೆ ಗುಡ್ಡೆಯ ಮೇಲೆ ಹೊಡೆದದ್ದು ಮಳೆಯೊಡನೆ ಇಳಿದು ಬರುವ ದಾರಿ ಒಂದೇ. ಆ ದಾರಿಯಲ್ಲಿ ಕೆಳಗಿನ ಮನೆಯವರ ಸುರಂಗ ಇದೆ, ಅವರು ಕುಡಿಯುವುದು ಆ ನೀರು. ಹೂವಿಗೆ ಮೊದಲು ಒಮ್ಮೆ, ಚಿಗುರಿದ ಮೇಲೆ ಇನ್ನೊಮ್ಮೆ ಕೊಚ್ಚಿ. ಮೂರನೇ ವರ್ಷಕ್ಕೆ ಗೇರಿನ ನೆರಳು ಬೀಳಲು ಶುರುವಾಗುತ್ತದೆ. ಆಮೇಲೆ ಬುಡದ ಸುತ್ತ ಕತ್ತಿ ಸಾಕು.