ಪ್ರತಿಕ್ರಿಯೆ: 1:87 ಸ್ಕೇಲಿನ ತೆಂಗಿನಮರ ಆಟಿಕೆ ಥರ ಕಾಣುತ್ತಿದೆ

ನಿಮ್ಮ ಉಡುಪಿಯ ಹಂಚಿನ ಮನೆಯ ಪುಟ್ಟ ಮಾಡೆಲ್ ಚೆನ್ನಾಗಿ ಬಂದಿದೆ, ಅಂಗಳದ ತೆಂಗಿನಮರ ಮಾತ್ರ ಆಟಿಕೆ ಥರ ಕಾಣುತ್ತಿದೆ ಅಂದಿದ್ದೀರಿ. ಫೋಟೋ ನೋಡಿದೆ. ತೊಂದರೆ ಬಣ್ಣದ್ದಲ್ಲ, ಅಳತೆಯದ್ದು. 18 ಮೀಟರ್ ಮರ 1:87ರಲ್ಲಿ, ಅಂದರೆ ನಿಜದ 87ನೇ ಒಂದು ಪಾಲು ಅಳತೆಯಲ್ಲಿ, ಸುಮಾರು 21 ಸೆಂ.ಮೀ. ಬರಬೇಕು. ಬುಡ ಬಿಟ್ಟರೆ ಕಾಂಡ 3-4 ಮಿ.ಮೀ. ದಪ್ಪ ಸಾಕು.

ಸಣ್ಣ ತಂತಿಗಳನ್ನು ಹೊಸೆದು, ಮೇಲೆ ಮಾಸ್ಕಿಂಗ್ ಟೇಪಿನ ಕಿರಿದಾದ ಪಟ್ಟಿ ಸುತ್ತಿ. ಅಂಚು ಒಂಚೂರು ಎದ್ದಿರಲಿ, ಗರಿ ಉದುರಿದ ಗುರುತಿನ ಹಾಗೇ ಕಾಣುತ್ತದೆ. ಕಂದು ಬಣ್ಣ ಬೇಡ, ಬೂದು ಬಣ್ಣ ಹಚ್ಚಿ. ಗರಿಗೆ ತೆಳು ಕಾಗದ, 5-6 ಸೆಂ.ಮೀ. ಉದ್ದ, ನಡುವೆ ತೀರಾ ಸಪೂರ ತಂತಿ. ಎರಡೂ ಬದಿ ಕತ್ತರಿಯಿಂದ ಓರೆಯಾಗಿ ಸೀಳಿ. ಮರಕ್ಕೆ 25-30 ಗರಿ ಬೇಕು, ಬೇಜಾರಿನ ಕೆಲಸವೇ! ಕೆಳಗಿನವು ಜೋತು ಬೀಳಲಿ, ಒಂದೆರಡು ಒಣ ಮಡಲೂ ಇರಲಿ.

ಅಂಗಳಕ್ಕೆ ಸುಮ್ನೆ ದುಡ್ಡು ಕೊಟ್ಟು ಮಣ್ಣಿನ ಥರದ ಪುಡಿ ತರಬೇಡಿ. ಮುರಕಲ್ಲಿನ (ಲ್ಯಾಟರೈಟ್) ಕೆಂಪು ಮಣ್ಣನ್ನು ಬಟ್ಟೆಯಲ್ಲಿ ಸೋಸಿ, ಹಳೇ ಬಾಣಲೆಯಲ್ಲಿ ಚೆನ್ನಾಗಿ ಹುರಿಯಿರಿ. ಹಸಿ ಮಣ್ಣು ಹಾಕಿದರೆ ನಮ್ಮ ಮಳೆಗಾಲದಲ್ಲಿ ಬೂಸ್ಟು ಬರುತ್ತದೆ, ಗೊತ್ತಲ್ವಾ? ಮಣ್ಣು ಅಂಟಿಸಲು ನೀರು ಬೆರೆಸಿದ ಫೆವಿಕಾಲ್‌ಗೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಸೇರಿಸಿ, ಮಣ್ಣಿನೊಳಗೆ ಸಲೀಸಾಗಿ ಇಳಿಯುತ್ತದೆ.

ಮನೆಯ ಹಿಂದೆ ಅಡಿಕೆಮರ ಹಾಕುವುದಾದರೆ ಕಾಂಡ ನೇರ, ಇನ್ನೂ ಸಪೂರ. ಸೋಗೆ ಎಂಟು-ಹತ್ತಕ್ಕಿಂತ ಜಾಸ್ತಿ ಬೇಡ.