ಗಿಡ ನೆಡೋಕೆ ಎಲ್ಲರೂ ಬರ್ತಾರೆ, ಏಪ್ರಿಲ್‌ನಲ್ಲಿ ನೀರು ಹಾಕೋರು ಯಾರು?

ಶಾಲೆ, ಪರಿಸರ ಮತ್ತು ಪಂಚಾಯಿತಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮೊದಲ ಸಲ ಗ್ರಾಮ ಪಂಚಾಯಿತಿಗೆ ಗೆದ್ದಿದ್ದೇನೆ. ನಮ್ಮೂರ ಹಿರಿಯ ಪ್ರಾಥಮಿಕ ಶಾಲೆಯನ್ನು ಹಸಿರಾಗಿ ಮಾಡಬೇಕೆಂಬ ಆಸೆ. ಹೋದ ವರ್ಷ ಪರಿಸರ ದಿನಕ್ಕೆ ನೆಟ್ಟ ಗಿಡಗಳಲ್ಲಿ ಒಂದೂ ಉಳಿದಿಲ್ಲ. ಹಿಂದೆ ಯಾವಾಗಲೋ ಹಾಕಿದ ಮಳೆನೀರಿನ ಟ್ಯಾಂಕ್ ಪಾಳುಬಿದ್ದಿದೆ. ಎಲ್ಲಿಂದ ಶುರು ಮಾಡಲಿ?
– ಗ್ರಾ.ಪಂ. ಸದಸ್ಯೆ, ಚಿತ್ರದುರ್ಗ ಜಿಲ್ಲೆ

ಉತ್ತರ: ಮೇಡಂ, ಹೊಸ ಗಿಡ ತರಿಸೋ ಮುಂಚೆ ನಿಮ್ಮ ನೀರುಗಂಟಿಯನ್ನು, ಅಂದರೆ ಊರಿಗೆ ನೀರು ಬಿಡೋ ಪಂಚಾಯಿತಿ ನೌಕರನನ್ನು, ಕರೆದು ಮಾತಾಡಿ. ಜೂನ್ 5ಕ್ಕೆ ನೆಟ್ಟ ಗಿಡ ಮಳೆಗಾಲದಲ್ಲಿ ಚೆನ್ನಾಗೇ ಇರುತ್ತೆ. ಆಮೇಲೆ ಮಕ್ಕಳು ತಟ್ಟೆ ತೊಳೆದ ನೀರಲ್ಲಿ ಹೇಗೋ ಬದುಕಿಕೊಳ್ಳುತ್ತೆ. ಏಪ್ರಿಲ್‌ನಲ್ಲಿ ಶಾಲೆಗೆ ಬೀಗ ಬಿತ್ತು ಅಂದರೆ ಅದನ್ನು ಕೇಳೋರೇ ಇಲ್ಲ. ಗೇಟು ಸರಿಯಿಲ್ಲದಿದ್ದರೆ ಮೇಕೆಗಳಿಗೆ ಹಬ್ಬ. ಮುಂದಿನ ಜೂನ್‌ಗೆ ಅದೇ ಗುಂಡಿ, ಇನ್ನೊಂದು ಗಿಡ, ಅದೇ ಥರದ ಫೋಟೊ.

ಮೇಷ್ಟ್ರನ್ನು ಬೈದು ಪ್ರಯೋಜನವಿಲ್ಲ, ಅವರಿಗೆ ರಜೆ. ಬೇಸಿಗೆಯಲ್ಲೂ ಕೆಲಸ ಮಾಡೋ ಸಿಬ್ಬಂದಿ ಇರೋದು ಪಂಚಾಯಿತಿಗೆ. ರಜೆಯ ತಿಂಗಳುಗಳಲ್ಲಿ ವಾರಕ್ಕೆ ಎರಡು ಸಲ ಶಾಲೆಯ ಗಿಡಕ್ಕೆ ನೀರು ಬಿಡಬೇಕು, ಇಂಥವರೇ ಬಿಡಬೇಕು ಅಂತ ಸಭೆಯಲ್ಲಿ ಹೆಸರು ಹಿಡಿದು ಬರೆಸಿ. ಐವತ್ತು ಗಿಡ ಬೇಡ, ಹತ್ತು ಸಾಕು. ನಿಮ್ಮ ಕಡೆ ಹೊಂಗೆ, ಬೇವು, ನೇರಳೆ ಬರುತ್ತೆ. ಅಡುಗೆ ಕೋಣೆಯ ಹಿಂದೆ ನೀರು ಹರಿಯೋ ಜಾಗದಲ್ಲಿ ನುಗ್ಗೆ, ಕರಿಬೇವು ಹಾಕಿದರೆ ಬಿಸಿಯೂಟದ ಸಾರಿಗೂ ಆಯ್ತು.

ಇನ್ನು ಆ ಟ್ಯಾಂಕ್. ಬಹುಶಃ ಅದು ಸುವರ್ಣ ಜಲ ಯೋಜನೆಯದ್ದು. ರಾಜ್ಯಕ್ಕೆ 50 ವರ್ಷ ತುಂಬಿದ ಹೊತ್ತಿನಲ್ಲಿ ಸಾವಿರಾರು ಗ್ರಾಮೀಣ ಶಾಲೆಗಳಿಗೆ ಮಳೆನೀರು ಕೊಯ್ಲು ಅಳವಡಿಸಲು ಹೊರಟ ಯೋಜನೆ ಅದು. ಯೋಚನೆ ಬಹಳ ಒಳ್ಳೆಯದಿತ್ತು. ಆದರೆ ಎಷ್ಟೋ ಕಡೆ ಪೈಪು ಮುರಿಯಿತು, ನಲ್ಲಿ ಕಿತ್ತುಹೋಯಿತು, ಅದನ್ನು ಸರಿಮಾಡಿಸೋದು ಯಾರ ಕೆಲಸ ಅನ್ನೋದೇ ತೀರ್ಮಾನ ಆಗಲಿಲ್ಲ. ನಮ್ಮಲ್ಲಿ ಕಟ್ಟೋದಕ್ಕೆ ದುಡ್ಡು ಸಿಗುತ್ತೆ, ನೋಡಿಕೊಳ್ಳೋದಕ್ಕೆ ಸಿಗೋದಿಲ್ಲ. ಪಂಚಾಯಿತಿ ಶಾಲೆಗೆ ಏನಾದರೂ ಮಾಡಬೇಕು ಅಂದರೆ ನನ್ನ ಪ್ರಕಾರ ಈ ನೋಡಿಕೊಳ್ಳೋ ಕೆಲಸವನ್ನೇ ಮೈಮೇಲೆ ಹಾಕಿಕೊಳ್ಳಬೇಕು.

ಲೆಕ್ಕ ಸುಲಭ. ಒಂದು ಚದರ ಮೀಟರ್ ಚಾವಣಿ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ಶಾಲೆಯ ಚಾವಣಿ 20 ಮೀಟರ್ ಉದ್ದ, 10 ಮೀಟರ್ ಅಗಲ ಇದೆ, ವರ್ಷಕ್ಕೆ 500 ಮಿ.ಮೀ. ಮಳೆ ಬರುತ್ತೆ ಅಂದುಕೊಳ್ಳಿ. ಒಂದು ಲಕ್ಷ ಲೀಟರ್! ಸೋರಿದ್ದು, ಆರಿದ್ದು ಕಳೆದರೂ 80 ಸಾವಿರ ಸಿಗುತ್ತೆ. ಒಂದೇ ಸಲಕ್ಕೆ ಅಷ್ಟೂ ಬರಲ್ಲ, ಹಾಗಾಗಿ ಟ್ಯಾಂಕ್ ಅಷ್ಟು ದೊಡ್ಡದು ಬೇಕಿಲ್ಲ, ತುಂಬಿ ಹೆಚ್ಚಾದದ್ದು ಇಂಗುಗುಂಡಿಗೆ ಹೋಗಲಿ. ಚಾವಣಿಯಿಂದ ಇಳಿಯೋ ಪೈಪಿಗೆ ಕೆಳಗಡೆ ಒಂದು ಮುಚ್ಚಳ ಇರಬೇಕು. ಅದನ್ನು ತೆಗೆದು ಮೊದಲ ಮಳೆಯ ಕೊಳೆ ನೀರನ್ನು ಹೊರಗೆ ಬಿಡಬೇಕು. ನಾನು ನೋಡಿದ ಶಾಲೆಗಳಲ್ಲಿ ಜಾಸ್ತಿ ಕಳೆದುಹೋಗಿರೋದೇ ಈ ಮುಚ್ಚಳ! ಅದಿಲ್ಲದಿದ್ದರೆ ಒಣಗೆಲೆ, ಪಾರಿವಾಳದ ಹಿಕ್ಕೆ ಎಲ್ಲ ಟ್ಯಾಂಕಿಗೇ ಇಳಿಯುತ್ತೆ, ಆಮೇಲೆ ಆ ನೀರನ್ನು ಯಾರೂ ಮುಟ್ಟೋದಿಲ್ಲ. ಮೇ ತಿಂಗಳಲ್ಲಿ ಒಬ್ಬರು ಚಾವಣಿ ಹತ್ತಿ ಗುಡಿಸಿದರೆ ಅರ್ಧ ಕೆಲಸ ಮುಗೀತು. ಆ ನೀರು ಶೌಚಾಲಯಕ್ಕೆ, ಗಿಡಕ್ಕೆ ಇರಲಿ. ಕುಡಿಯೋಕೆ ಬಳಸೋದಾದರೆ ಮೊದಲು ಪರೀಕ್ಷೆ ಮಾಡಿಸಲೇಬೇಕು.

ದುಡ್ಡಿಲ್ಲ ಅನ್ನೋ ಮಾತು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಕಡೆಯಿಂದ ಬಂದೇ ಬರುತ್ತೆ. 15ನೇ ಹಣಕಾಸು ಆಯೋಗ 2021ರಿಂದ 2026ರವರೆಗಿನ ಪಂಚಾಯಿತಿ ಅನುದಾನದಲ್ಲಿ ಶೇ 60 ಭಾಗವನ್ನು ನೈರ್ಮಲ್ಯ, ಕುಡಿಯುವ ನೀರು, ಮಳೆನೀರು ಕೊಯ್ಲಿನಂಥ ಕೆಲಸಕ್ಕೇ ಮೀಸಲಿಟ್ಟಿತ್ತು. ಹಿಂದಿನ ವರ್ಷಗಳಲ್ಲಿ ಶಾಲೆಗೆ ಅದರಲ್ಲಿ ಏನು ಆಗಿದೆ ಅಂತ ಲೆಕ್ಕ ತೆಗೆಸಿ ನೋಡಿ. ಎಸ್‌ಡಿಎಂಸಿಯಿಂದ (ಪೋಷಕರಿರೋ ಶಾಲಾ ಸಮಿತಿ) ಒಂದು ಅರ್ಜಿ ಬರೆಸಿ, ಗ್ರಾಮಸಭೆಯಲ್ಲಿ ಓದಿಸಿ, ಪಂಚಾಯಿತಿಯ ಕ್ರಿಯಾ ಯೋಜನೆಗೆ ಸೇರಿಸಿ. ಬಾಯಿಮಾತಲ್ಲಿ ಬಿಟ್ಟರೆ ಅಲ್ಲೇ ಹೋಯ್ತು.

ಪ್ರಶ್ನೆ: ನಮ್ಮ ಶಾಲೆ ಹಿಂದೆ ಪ್ರತಿ ಶನಿವಾರ ಕಸ ಸುಡುತ್ತಾರೆ. ಬೇಡ ಅಂದರೆ "ಮತ್ತೇನು ಮಾಡೋದು ಹೇಳಿ ಮಿಸ್" ಅನ್ನುತ್ತಾರೆ.
– ಶಿಕ್ಷಕಿ, ಹಾವೇರಿ ಜಿಲ್ಲೆ

ಉತ್ತರ: ಅವರು ಕೇಳೋದ್ರಲ್ಲೂ ನ್ಯಾಯ ಇದೆ ಅಲ್ವಾ? ಪಂಚಾಯಿತಿಯ ಕಸ ಒಯ್ಯೋ ಸ್ವಚ್ಛ ವಾಹಿನಿ ಗಾಡಿ ಬೆಳಿಗ್ಗೆ ಬೇಗ ಊರು ಸುತ್ತಿ ಹೋದರೆ ಶಾಲೆ ಗೇಟು ಆಗಿನ್ನೂ ತೆರೆದಿರೋದಿಲ್ಲ. ವಾರಕ್ಕೆ ಎರಡು ದಿನ ಹತ್ತು ಗಂಟೆ ಮೇಲೆ ಶಾಲೆ ಹತ್ತಿರ ನಿಲ್ಲಿಸಿ ಅಂತ ಪಂಚಾಯಿತಿಗೆ ಕೇಳಿ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ತರಕಾರಿ ಸಿಪ್ಪೆ, ಮೊಟ್ಟೆ ಸಿಪ್ಪೆ ಗೊಬ್ಬರದ ಗುಂಡಿಗೆ, ಪೇಪರು ಬೇರೆ ಚೀಲಕ್ಕೆ.

ಇನ್ನು ಉಳಿಯೋದು ಚಿಪ್ಸ್ ಪೊಟ್ಟಣ. ಅದು ಬರೋದು ಗೇಟಿನ ಎದುರಿನ ಅಂಗಡಿಯಿಂದ, ಆ ಅಂಗಡಿಗೆ ಅನುಮತಿ ಕೊಡೋದು ಪಂಚಾಯಿತಿ. ಅಂಗಡಿ ಮುಂದೆ ಕಸದ ಡಬ್ಬ ಇಡಲೇಬೇಕು ಅಂತ ಹೇಳೋ ಅಧಿಕಾರ ಅವರಿಗಿದೆ, ಸುಮ್ನೆ ಬಳಸಲ್ಲ ಅಷ್ಟೇ. (ಹಾಗೇ ನೋಡಿ, ಶಾಲೆಯಿಂದ 100 ಮೀಟರ್ ಒಳಗೆ ಬೀಡಿ, ಸಿಗರೇಟು, ತಂಬಾಕು ಮಾರೋದು ಕಾನೂನಿಗೇ ವಿರುದ್ಧ.)

ಇನ್ನೊಂದು ವಿಷಯ ಯಾರೂ ಸಭೆಯಲ್ಲಿ ಎತ್ತಲ್ಲ, ನೀವು ಎತ್ತಬಹುದು. ಶುಚಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಪ್ಯಾಡ್ ಕೊಡುತ್ತಾರೆ, ಬಳಸಿದ ಮೇಲೆ ಅದು ಎಲ್ಲಿ ಹೋಗುತ್ತೆ? ಬಹಳ ಕಡೆ ಅದೇ ಶನಿವಾರದ ಬೆಂಕಿಗೆ, ಇಲ್ಲವೇ ಶೌಚಾಲಯದ ಗುಂಡಿಗೆ ಬಿದ್ದು ಪೈಪು ಕಟ್ಟುತ್ತೆ. ಮುಚ್ಚಳದ ಡಬ್ಬ, ಸುತ್ತೋಕೆ ಹಳೇ ಪೇಪರು, ಅದನ್ನು ಬೇರೆಯಾಗಿಯೇ ಒಯ್ಯೋ ಗಾಡಿ, ಗಾಡಿಯವರ ಕೈಗೆ ಗ್ಲೌಸ್. ಇಷ್ಟನ್ನು ಪಂಚಾಯಿತಿ ಮಾಡಲೇಬೇಕು.

ಪ್ರಶ್ನೆ: ಪುರಸಭೆ ದುಡ್ಡಲ್ಲಿ ನಮ್ಮ ವಾರ್ಡಿನ ಸರ್ಕಾರಿ ಶಾಲೆಗೆ ಸೋಲಾರ್ ಹಾಕಿಸೋದು ಹೇಗೆ?
– ಪುರಸಭೆ ಸದಸ್ಯ, ಮಂಡ್ಯ ಜಿಲ್ಲೆ

ಉತ್ತರ: ಹಾಕಿಸಿ, ಬೇಡ ಅನ್ನಲ್ಲ. ಆದರೆ ಸರ್ಕಾರಿ ಶಾಲೆಗಳಿಗೆ ಕರೆಂಟು, ನೀರು ಉಚಿತ ಅಂತ 2023ರ ರಾಜ್ಯೋತ್ಸವದ ದಿನವೇ ಸರ್ಕಾರ ಘೋಷಿಸಿದೆ. ಹಾಗಾಗಿ ಶಾಲೆಗೆ ಬಿಲ್ ಉಳಿಯುತ್ತೆ ಅನ್ನೋ ಲೆಕ್ಕ ಇಲ್ಲಿ ನಡೆಯಲ್ಲ. ಮೊದಲು ಒಂದು ಸಲ ತರಗತಿಯೊಳಗೆ ಹೋಗಿ ನೋಡಿ: ಮೊಳೆ ಹೊಡೆದು ಮುಚ್ಚಿದ ಕಿಟಕಿ, ಹಾಡಹಗಲಲ್ಲಿ ಉರಿಯೋ ಟ್ಯೂಬ್‌ಲೈಟು ಕಂಡರೆ ಬಡಗಿಯನ್ನು ಕರೆಸಿ. ಸೋಲಾರ್ ಆಮೇಲೆ.

ಪ್ರಶ್ನೆ: ನಾವು ಮಕ್ಕಳು ಹೇಳಿದರೆ ಪಂಚಾಯಿತಿಯವರು ಕೇಳುತ್ತಾರಾ?
– 9ನೇ ತರಗತಿ ವಿದ್ಯಾರ್ಥಿನಿ, ಕೊಪ್ಪಳ ಜಿಲ್ಲೆ

ಉತ್ತರ: ಕೇಳಲೇಬೇಕು ಪುಟ್ಟಿ. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ಮಾಡಬೇಕು, ಸಾಮಾನ್ಯವಾಗಿ ನವೆಂಬರ್ ಹೊತ್ತಿಗೆ ನಡೆಯುತ್ತೆ. ಎಷ್ಟೋ ಕಡೆ ಭಾಷಣ, ಬಿಸ್ಕತ್ತು, ಮನೆಗೆ ಅಂತ ಮುಗಿದುಬಿಡುತ್ತೆ, ಅದೂ ನಿಜ. "ಪರಿಸರ ಉಳಿಸಿ" ಅಂದರೆ ಎಲ್ಲರೂ ಚಪ್ಪಾಳೆ ಹೊಡೆದು ಸುಮ್ಮನಾಗುತ್ತಾರೆ. "ಹುಡುಗಿಯರ ಶೌಚಾಲಯದ ಎರಡನೇ ನಲ್ಲಿ ಆಗಸ್ಟ್‌ನಿಂದ ಸೋರುತ್ತಿದೆ, ಒಂದು ಗಂಟೆಗೆ ಒಂದು ಬಕೆಟ್ ತುಂಬುತ್ತೆ, ಯಾವತ್ತು ಸರಿ ಮಾಡಿಸುತ್ತೀರಿ?" ಅಂತ ಕೇಳಿ. ಅವರು ಹೇಳಿದ ತಾರೀಕನ್ನು ನಡಾವಳಿ ಪುಸ್ತಕದಲ್ಲಿ ನಿಮ್ಮ ಎದುರೇ ಬರೆಸಿ, ಆ ಪುಟದ ಜೆರಾಕ್ಸ್ ತೆಗೆದು ಹೆಡ್‌ಮೇಷ್ಟ್ರ ಕೋಣೆಯ ಗೋಡೆಗೆ ಅಂಟಿಸಿ.