ಬಿ.ಕಾಂ. ಓದಿದವರಿಗೆ ಅಬಾಪ್ ಒಗ್ಗುತ್ತಾ?

ಪ್ರಶ್ನೆ: ಮೇಡಂ, ನಾನು ಬಿ.ಕಾಂ. ಓದಿ ಪೀಣ್ಯದ ಒಂದು ಕಾರ್ಖಾನೆಯ ಅಕೌಂಟ್ಸ್‌ನಲ್ಲಿದ್ದೇನೆ. ದಿನಾ ಸ್ಯಾಪ್‌ನಲ್ಲೇ (ಕಂಪನಿಯ ಲೆಕ್ಕ, ಖರೀದಿ, ಮಾರಾಟ ನೋಡಿಕೊಳ್ಳುವ ಸಾಫ್ಟ್‌ವೇರ್) ಬಿಲ್ ಹಾಕುತ್ತೇನೆ. ಅದರ ಪ್ರೋಗ್ರಾಮಿಂಗ್ ಭಾಷೆ ಅಬಾಪ್ ಕಲಿತರೆ ಸಾಫ್ಟ್‌ವೇರ್ ಕೆಲಸ ಗ್ಯಾರಂಟಿ ಎನ್ನುತ್ತಾರೆ ಮಾರತ್‌ಹಳ್ಳಿಯ ಒಂದು ಇನ್‌ಸ್ಟಿಟ್ಯೂಟಿನವರು. ಕೋಡಿಂಗ್‌ನ ಗಂಧಗಾಳಿಯೂ ಇಲ್ಲ. ಸೇರಲಾ?
— ಓದುಗ, ದಾಸರಹಳ್ಳಿ

ಉತ್ತರ: ಕಲಿಯಿರಿ. ಆದರೆ ಫೀಸು ಕಟ್ಟೋಕೆ ಇವತ್ತೇ ಓಡಬೇಡಿ. ‘ಗ್ಯಾರಂಟಿ’ ಅನ್ನೋರ ಹತ್ತಿರ ನನಗೆ ಮೊದಲಿಂದಲೂ ಅನುಮಾನ.

ಇದೇ ಭಾಷೆಯಿಂದ ಅನ್ನ ತಿಂದವಳು ನಾನು. ಎಂಜಿನಿಯರಿಂಗ್ ಮುಗಿಸಿ ಬರುವ ಹುಡುಗರು ಲೂಪ್ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಕೋಡ್) ಬರೆಯೋದನ್ನು ಬೇಗ ಕಲಿಯುತ್ತಾರೆ. ಪರ್ಚೇಸ್ ಆರ್ಡರ್, ಸರಕು ಬಂದ ರಸೀದಿ, ಬಿಲ್ಲು ಮೂರೂ ಯಾಕೆ ತಾಳೆಯಾಗಬೇಕು ಅಂದರೆ ಮುಖ ಮುಖ ನೋಡುತ್ತಾರೆ. ನಿಮಗೆ ಅದು ದಿನದ ಕೆಲಸ, ಅಲ್ವಾ?

ಭಾಷೆ ಕಷ್ಟದ್ದೇನಲ್ಲ. ಪ್ರತಿ ಸಾಲಿನ ಆಜ್ಞೆ ಮುಗಿದ ಮೇಲೆ ಪೂರ್ಣವಿರಾಮ ಇಡಬೇಕು, ಮರೆತರೆ ಎರರ್ ಬರುತ್ತದೆ. ಕಂಪನಿಯವರು ತಮಗಾಗಿ ಬರೆಸಿಕೊಂಡ ಪ್ರೋಗ್ರಾಂಗಳ ಹೆಸರು ಜೆಡ್ ಅಥವಾ ವೈ ಅಕ್ಷರದಿಂದ ಶುರು. ಹೊಸಬರು ಎಡವೋದು ಬೇರೆ ಕಡೆ. ಸೇಲ್ಸ್ ಆರ್ಡರಿನ ತಲೆಬರಹ (ಗ್ರಾಹಕ, ದಿನಾಂಕದಂಥ ವಿವರ) ವಿಬಿಎಕೆ ಎಂಬ ಟೇಬಲ್‌ನಲ್ಲಿ, ಐಟಂಗಳು ವಿಬಿಎಪಿಯಲ್ಲಿ. ಲೂಪ್ ಒಳಗೇ ಸೆಲೆಕ್ಟ್ (ಡೇಟಾ ತರುವ ಆಜ್ಞೆ) ಇಟ್ಟು, ಒಂದೊಂದು ಆರ್ಡರಿಗೂ ಡೇಟಾಬೇಸಿಗೆ ಹೋಗಿಬರುತ್ತಾರೆ. ಟೆಸ್ಟ್ ಸಿಸ್ಟಂನಲ್ಲಿ ಹತ್ತು ಆರ್ಡರ್ ಇದ್ದಾಗ ಚಕಚಕ ಓಡುತ್ತದೆ. ತಿಂಗಳ ಕೊನೆಯಲ್ಲಿ ಲಕ್ಷ ಆರ್ಡರ್ ಬಂದರೆ ಲಕ್ಷ ಸಲ ಓಡಾಟ, ಸ್ಕ್ರೀನ್ ನಿಂತೇ ಹೋಗುತ್ತದೆ. ಎರಡೂ ಟೇಬಲ್ ಜೋಡಿಸಿ ಒಂದೇ ಸಲ ತಂದರೆ ಮುಗೀತು. ಇಂಟರ್‌ವ್ಯೂನಲ್ಲಿ ನಾನಂತೂ ಇದನ್ನೇ ಕೇಳುತ್ತಿದ್ದೆ.

ಇನ್‌ಸ್ಟಿಟ್ಯೂಟಿನವರನ್ನು ಸಿಲಬಸ್ ಕೇಳಿ. ಬರೀ ಹಳೇ ರಿಪೋರ್ಟು, ಸ್ಮಾರ್ಟ್‌ಫಾರ್ಮ್ಸ್ (ಬಿಲ್ಲಿನಂಥವನ್ನು ಪ್ರಿಂಟ್ ಮಾಡುವ ಹಳೇ ವಿಧಾನ) ಅಂದರೆ ವಾಪಸ್ ಬನ್ನಿ. ಸ್ಯಾಪ್‌ನ ಹೊಸ ಆವೃತ್ತಿ ಎಸ್/4 ಹಾನಾ ಬಂದದ್ದು 2015ರಲ್ಲಿ. ಅದಕ್ಕೂ ಹಿಂದಿನ ಆವೃತ್ತಿ ಇಸಿಸಿಯ ಕೊನೆಯ ಬಿಡುಗಡೆಗಳಿಗೆ ಸ್ಯಾಪ್‌ನ ಮಾಮೂಲಿ ಸಪೋರ್ಟ್ 2027ರ ಕೊನೆವರೆಗೆ. ಹಾಗಾಗಿ ಹಳೇ ಜೆಡ್ ಕೋಡನ್ನು ಹೊಸದಕ್ಕೆ ಸಾಗಿಸುವ ಕೆಲಸ ನಡೆಯುತ್ತಿದೆ. ಹಳೆಯದನ್ನು ಓದಲೂ ಬರಬೇಕು, ಎಕ್ಲಿಪ್ಸ್ ಎಂಬ ಕೋಡ್ ಬರೆಯುವ ಸಾಫ್ಟ್‌ವೇರ್‌ನಲ್ಲಿ ಸಿಡಿಎಸ್ ವ್ಯೂ (ಟೇಬಲ್‌ಗಳ ಡೇಟಾ ಜೋಡಿಸಿ ಕೊಡುವ ಹೊಸ ವಿಧಾನ) ಬರೆಯಲೂ ಬರಬೇಕು. ಮೊದಲ ಪಾಠಗಳು ಸ್ಯಾಪ್‌ನ ಕಲಿಕಾ ತಾಣದಲ್ಲೇ ಬಿಟ್ಟಿ ಸಿಗುತ್ತವೆ. ಒಂದೆರಡು ತಿಂಗಳು ಅದನ್ನೇ ನೋಡಿ.

ಜತೆಗೆ, ಆಫೀಸಿನಲ್ಲಿ ಬಿಲ್ ಹಾಕುವಾಗ ಒಂದು ಖಾನೆಯ ಮೇಲೆ ಕರ್ಸರ್ ಇಟ್ಟು ಎಫ್1 ಒತ್ತಿ, ‘ಟೆಕ್ನಿಕಲ್ ಇನ್ಫರ್ಮೇಶನ್’ ತೆರೆಯಿರಿ. ಆ ಖಾನೆಯ ಹಿಂದಿನ ಟೇಬಲ್, ಫೀಲ್ಡ್ ಹೆಸರು ಕಾಣುತ್ತದೆ. ಕೆಲವು ಸಲ ಟೇಬಲ್ ಬದಲು ಸ್ಟ್ರಕ್ಚರ್ (ಡೇಟಾ ಉಳಿಸದ ಬರೀ ಚೌಕಟ್ಟು) ತೋರಿಸಿ ಸತಾಯಿಸುತ್ತದೆ, ಬಿಡಿ. ಇದು ಮಜಾ ಅನ್ನಿಸಿದರೆ ಅಬಾಪ್ ನಿಮಗೆ ಒಗ್ಗುತ್ತದೆ. ಬೋರ್ ಆದರೆ ಸುಮ್ನೆ ಹಟ ಹಿಡಿಯಬೇಡಿ. ಅಕೌಂಟ್ಸ್ ಬಲ್ಲ ನಿಮಗೆ ಸ್ಯಾಪ್ ಫೈನಾನ್ಸ್ ಕನ್ಸಲ್ಟೆಂಟ್ ದಾರಿಯೇ ಜಾಸ್ತಿ ಹತ್ತಿರ.